ಹಳೆಯ ವ್ಯಾನಿನ ಬಾಗಿಲ ರಬ್ಬರ್: ಒಂದು ಸ್ಪಷ್ಟನೆ

1967ರಿಂದ 1979ರವರೆಗೆ ಜರ್ಮನಿಯಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನುಗಳ ಬಾಗಿಲ ರಬ್ಬರ್ ಸೀಲು ಗಟ್ಟಿಯಾಗಿ ನೀರು ಸೋರತೊಡಗಿದರೆ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಕು, ಹೊಸದು ಬೇಕಿಲ್ಲ ಎಂಬ ಸಲಹೆ ಹರಿದಾಡುತ್ತಿದೆ. ಇದು ಸರಿಯಲ್ಲ. ಬಿಸಿಲು ಮತ್ತು ಓಜೋನಿನಿಂದ ಬಿರುಕುಬಿಟ್ಟ ರಬ್ಬರಿಗೆ ಹಿಂದಿನ ಪುಟಿತ ಮರಳಿ ಬರುವುದಿಲ್ಲ. ಅಷ್ಟೇ ಅಲ್ಲ, ಪೆಟ್ರೋಲಿಯಂ ಮೂಲದ ಜಿಡ್ಡು ಸಹಜ ರಬ್ಬರನ್ನೂ, ಇಂದಿನ ಸೀಲುಗಳಲ್ಲಿ ಸಾಮಾನ್ಯವಾದ ಇಪಿಡಿಎಂ ಎಂಬ ಕೃತಕ ರಬ್ಬರನ್ನೂ ಉಬ್ಬಿಸಿ ಹಾಳುಮಾಡುತ್ತದೆ. ಸವರಲೇಬೇಕೆಂದರೆ ಸಿಲಿಕೋನ್ ಗ್ರೀಸ್ ಲೇಸು, ಅದೂ ಇನ್ನೂ ಮೆತ್ತಗಿರುವ ಸೀಲಿಗೆ ಮಾತ್ರ. ಬದಲಿಸುವಾಗ ಹಳೆಯ ಅಂಟನ್ನು ಪೂರ್ತಿ ಕೆರೆದು, ಅದರಡಿ ಅಡಗಿರಬಹುದಾದ ತುಕ್ಕನ್ನು ತೆಗೆದು ಬಣ್ಣ ಬಳಿದ ಮೇಲೆಯೇ ಹೊಸ ಸೀಲನ್ನು ಕೂರಿಸಬೇಕು. ಎಳೆದು ಅಂಟಿಸಿದರೆ ಅದು ಮುಂದೆ ಕುಗ್ಗಿ ಮೂಲೆಗಳಲ್ಲಿ ಬಿಟ್ಟುಕೊಳ್ಳುತ್ತದೆ. ಮೊದಲ ಕೆಲವು ದಿನ ಬಾಗಿಲು ಬಿಗಿಯಾಗಿರುವುದು ಸಹಜವಾದ್ದರಿಂದ, ಕೂಡಲೇ ಕೀಲುಗಳನ್ನು ಸಡಿಲಿಸಲು ಹೊರಡುವುದು ಬೇಡ.