ನನಗೂ ಒಂದು ಕಾರಣ ಕೇಳುವುದಿದೆ

ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು ನಾನು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮೇಲಿನ ಕಚೇರಿಯಿಂದ ನನಗೊಂದು ಕಾರಣ ಕೇಳುವ ನೋಟಿಸ್ ಬಂತು. ನಿಮ್ಮ ವಿಷಯದಲ್ಲಿ ಫಲಿತಾಂಶ ಕುಸಿದಿದೆ, ಏಳು ದಿನಗಳೊಳಗೆ ಸಮಜಾಯಿಷಿ ನೀಡಿ, ತಪ್ಪಿದಲ್ಲಿ ಶಿಸ್ತುಕ್ರಮ. "ಮುಂದೆ ಸುಧಾರಿಸಿಕೊಳ್ಳುತ್ತೇನೆ ಎಂದು ಎರಡು ಸಾಲು ಬರೆದು ಕೊಟ್ಟುಬಿಡಿ ಮೇಷ್ಟ್ರೇ" ಎಂದರು ಮುಖ್ಯೋಪಾಧ್ಯಾಯರು. ಕೊಟ್ಟೆ. ಹೊಟ್ಟೆಯುರಿ ಮಾತ್ರ ಹಾಗೇ ಉಳಿಯಿತು.

2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಶೇ 20ರಷ್ಟು ಕೃಪಾಂಕ ಸುರಿದರೂ ಫಲಿತಾಂಶ 73.40 ದಾಟಲಿಲ್ಲ. ಕೃಪಾಂಕ ನಿಲ್ಲಿಸಿದ ವರ್ಷ ಇನ್ನೂ ಕೆಳಗಿಳಿಯಿತು. ಕ್ಯಾಮೆರಾ ಬೇಡ ಎನ್ನುವವನಲ್ಲ ನಾನು, ಬರಲಿ. ಆದರೆ ಅಲ್ಲಿಯವರೆಗಿನ ಎಂಬತ್ತು ಚಿಲ್ಲರೆ ಎಲ್ಲಿಂದ ಬರುತ್ತಿತ್ತು ಎಂದು ಯಾರಿಗೂ ನೋಟಿಸ್ ಹೋಗಲಿಲ್ಲವಲ್ಲ!

ಸುಧಾರಿಸಿಕೊಳ್ಳಲು ಹೊರಟೆ. ಅದೇ 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರು, ಮನೆಗಳಿಗೆ ಹೋಗುವ ಕೆಲಸ ನಮ್ಮಂಥ ಶಿಕ್ಷಕರಿಗೆ. ಅರವತ್ತು ಪ್ರಶ್ನೆಗಳನ್ನು ಮೊಬೈಲಿನಲ್ಲಿ ಹೊತ್ತು ಮನೆ ಮನೆ ಅಲೆದೆ. ವಿದ್ಯುತ್ ಮೀಟರಿನ ಧೂಳು ಒರೆಸಿ ಆರ್‌ಆರ್ ಸಂಖ್ಯೆ ಓದುವುದು, ಓಟಿಪಿ ಬರಲಿ ಎಂದು ಅಂಗಳದಲ್ಲಿ ಕೈ ಮೇಲೆತ್ತಿ ನಿಲ್ಲುವುದು. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಒಂದು ಮನೆಯ ಬಾಗಿಲು ತೆಗೆದವಳು ನನ್ನದೇ ಹತ್ತನೇ ತರಗತಿಯ ಹುಡುಗಿ. "ಸರ್, ತ್ರಿಕೋನಮಿತಿ ಯಾವಾಗ ಶುರು ಮಾಡುತ್ತೀರಿ?" ಎಂದಳು. ನಾನು ಅವರ ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳಿದೆ.

ನಾವು ಹೀಗೆ ಬೀದಿಯಲ್ಲಿದ್ದ ಅದೇ ಅಕ್ಟೋಬರಿನಲ್ಲಿ ಪಾಸಾಗಲು ಶೇ 35ರ ಬದಲು ಎಲ್ಲ ವಿಷಯ ಸೇರಿ ಒಟ್ಟಾರೆ ಶೇ 33 ಸಾಕು, ಪ್ರತಿ ವಿಷಯದಲ್ಲಿ ಆಂತರಿಕ ಅಂಕ ಸೇರಿ 30 ಬಂದರಾಯಿತು ಎಂಬ ತೀರ್ಮಾನ ಹೊರಬಿತ್ತು. ಗಣಿತ ನನ್ನ ವಿಷಯ, ಲೆಕ್ಕ ನಾನೇ ಹೇಳುತ್ತೇನೆ. ಆಂತರಿಕ ಅಂಕ 20, ಕೊಡುವವನು ನಾನೇ. ಆಮೇಲೆ ಎಂಬತ್ತು ಅಂಕದ ಪತ್ರಿಕೆಯಲ್ಲಿ ಹತ್ತು ಬಂದರೆ ವಿಷಯದ ಗಡಿ ದಾಟಿದಂತೆ. ಗುಣಮಟ್ಟ ಕುಸಿಯಿತು ಎಂದು ನನ್ನ ಕುತ್ತಿಗೆ ಹಿಡಿದವರೇ ಅಳತೆಗೋಲನ್ನು ಮೊಟಕು ಮಾಡಿದರು.

ಇನ್ನು ನಮ್ಮ ಶಾಲೆಯ ಫಲಿತಾಂಶ ಏರಿದರೆ ಅದೇ ಕಚೇರಿಯಿಂದ ಅಭಿನಂದನಾ ಪತ್ರ ಬರಬಹುದು. ದಯವಿಟ್ಟು ಅದಕ್ಕೂ ಕಾರಣ ಕೇಳಿ. ಈ ಬಾರಿ ಎರಡು ಸಾಲಿನಲ್ಲಿ ಮುಗಿಸುವುದಿಲ್ಲ.