ವ್ಯಾಕ್ ವ್ಯಾಕ್‌ನ ಖಾಲಿ ಕಾರು

ಫಿಲಿಪ್ಪೀನ್ಸಿನ ಹಳೇ ರಾಜಕಾರಣಿ ಹುವಾನ್ ಪೊನ್ಸೆ ಎನ್ರಿಲೆ ಸಾಹೇಬರು 2025ರ ನವೆಂಬರಿನಲ್ಲಿ ತೀರಿಕೊಂಡರು. 101 ವರ್ಷ. ಈ ಮನುಷ್ಯನಿಗೆ ಸಾವೇ ಇಲ್ಲ ಅಂತ ಅಲ್ಲಿನ ಹುಡುಗರು ಡೈನೋಸಾರ್ ಪಕ್ಕ ನಿಲ್ಲಿಸಿ ಮೀಮ್ ಮಾಡಿ ಮಾಡಿ ಸುಸ್ತಾಗಿದ್ದರು. ಪಾಪ, ಈಗ ಅವರಿಗೆ ಕೆಲಸವಿಲ್ಲ. ದೊಡ್ಡವರೆಲ್ಲ ಸಾಲಾಗಿ ಬಂದು ಎಂಥಾ ಕಾನೂನು ತಲೆ ಅಂತ ಹೊಗಳಿದರು. ನಾನೂ ಒಪ್ಪುತ್ತೇನೆ. ಹಾರ್ವರ್ಡಿನಲ್ಲಿ ಓದಿದ ತಲೆ, ಸುಮ್ನೆ ಅಲ್ಲ.

ಆ ತಲೆಯ ಕೆಲಸ ನೋಡಬೇಕಾದರೆ ಮನಿಲಾದ ವ್ಯಾಕ್ ವ್ಯಾಕ್‌ಗೆ ಹೋಗಬೇಕು. ಹೌದು, ಹೆಸರೇ ಅದು. ಗಾಲ್ಫ್ ಕ್ಲಬ್ ಇರುವ ಶ್ರೀಮಂತರ ಬಡಾವಣೆ. ಕಾಗೆಗೆ ಅಲ್ಲಿ ಉವಾಕ್ ಅಂತಾರೆ, ಹೆಸರು ಅದರಿಂದ ಬಂತಂತೆ. ನಮಗೆ ಮಾತ್ರ ಕೇಳಿದ ಕೂಡಲೆ ಬಾಯಿಗೆ ಕೈ ಹಿಡಿದು ಬಚ್ಚಲಿಗೆ ಓಡುವ ಮಗು ನೆನಪಾಗುತ್ತದೆ. ಇರಲಿ, ಮುಂದಿನ ಕಥೆಗೆ ನಮ್ಮ ಅರ್ಥವೇ ಸರಿ.

1972ರ ಸೆಪ್ಟೆಂಬರ್ 22ರ ರಾತ್ರಿ ಅಲ್ಲಿ ರಕ್ಷಣಾ ಮಂತ್ರಿ ಎನ್ರಿಲೆ ಅವರ ಕಾರಿನ ಮೇಲೆ ಗುಂಡಿನ ಮಳೆ. ಕಾರಿನ ತುಂಬ ತೂತು. ಸಾಹೇಬರಿಗೆ ಒಂದು ಗೀರೂ ಇಲ್ಲ. ಅವರು ಹಿಂದಿನ ಬೆಂಗಾವಲು ಕಾರಿನಲ್ಲಿ ಕೂತಿದ್ದರಂತೆ! ಮರುದಿನ ಅಧ್ಯಕ್ಷ ಮಾರ್ಕೋಸ್ ಟೀವಿಗೆ ಬಂದು ಮಾರ್ಷಲ್ ಲಾ, ಅಂದರೆ ಸೇನಾ ಆಡಳಿತ ಸಾರಿದರು. ಹೇಳಿದ ಕಾರಣಗಳಲ್ಲಿ ಈ ತೂತುಗಳೂ ಒಂದು. ಘೋಷಣೆಯ ಕಾಗದದ ಮೇಲಿನ ತಾರೀಖು ಮಾತ್ರ ಸೆಪ್ಟೆಂಬರ್ 21. ಜ್ವರ ಬರುವ ಹಿಂದಿನ ದಿನವೇ ಔಷಧಿ ಚೀಟಿ ರೆಡಿ. ನಮ್ಮಲ್ಲಿ ಹಿಂದಿನ ತಾರೀಖಿನ ಛಾಪಾ ಕಾಗದ ಬೇಕೆಂದರೆ ಜನ ಕೋರ್ಟ್ ಹೊರಗಿನ ಮರದಡಿ ಪಿಸುಗುಟ್ಟುತ್ತಾರೆ. ಇವರು ಇಡೀ ದೇಶವನ್ನೇ ಅದರ ಮೇಲೆ ಬರೆಸಿಕೊಂಡರು, ಅದೂ 14 ವರ್ಷಕ್ಕೆ.

1986ರಲ್ಲಿ ಸಾಹೇಬರು ಮಾರ್ಕೋಸ್ ವಿರುದ್ಧ ತಿರುಗಿಬಿದ್ದರು. ಆ ದಾಳಿ ನಾಟಕ ಅಂದರು. ಜನ ಚಪ್ಪಾಳೆ ತಟ್ಟಿದರು. 2012ರಲ್ಲಿ ಆತ್ಮಕಥೆ ಬರೆದು, ಇಲ್ಲ, ನಿಜವಾಗಿಯೇ ಗುಂಡು ಹಾರಿಸಿದ್ದರು ಅಂದರು. ಕಾರು ಅದೇ, ತೂತುಗಳೂ ಅವೇ. ಸಾಕ್ಷಿಯೂ ತಾನೇ, ಪಾಟೀ ಸವಾಲು ಹಾಕುವ ವಕೀಲನೂ ತಾನೇ.

ಅದೇ 2012ರಲ್ಲಿ ಸೆನೆಟ್ ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ಆಸ್ತಿ ಲೆಕ್ಕ ಸರಿಯಾಗಿ ಕೊಡಲಿಲ್ಲ ಅಂತ ದೇಶದ ಮುಖ್ಯ ನ್ಯಾಯಮೂರ್ತಿಯನ್ನೇ ಮನೆಗೆ ಕಳಿಸುವ ವಿಚಾರಣೆ ನಡೆಸಿದರು. ಎರಡೇ ವರ್ಷಕ್ಕೆ ಸಾಹೇಬರ ಮೇಲೇ ಕೇಸು. ಸೆನೆಟರುಗಳ ಅನುದಾನದಲ್ಲಿ 17 ಕೋಟಿ ಪೆಸೊಗೂ ಜಾಸ್ತಿ ಲೂಟಿಯ ಆರೋಪ. ಸಾಹೇಬರನ್ನು ಬಂಧಿಸಿ ಇಟ್ಟಿದ್ದು ಎಲ್ಲಿ ಗೊತ್ತಾ? ಕ್ಯಾಂಪ್ ಕ್ರಾಮೆಯ ಪೊಲೀಸ್ ಆಸ್ಪತ್ರೆಯಲ್ಲಿ. 1986ರಲ್ಲಿ ಕ್ರಾಂತಿವೀರರಾಗಿ ನಿಂತಿದ್ದ ಅದೇ ಕ್ಯಾಂಪಿನಲ್ಲಿ. 91 ವರ್ಷ ವಯಸ್ಸಾಗಿದೆ, ಆರೋಗ್ಯ ಸರಿಯಿಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ಕೆಲವೇ ದಿನಕ್ಕೆ ಸಾಹೇಬರು ಸೆನೆಟ್‌ನಲ್ಲಿ ಹಾಜರ್. 98ನೇ ವಯಸ್ಸಿಗೆ, ಅಧ್ಯಕ್ಷನಾದ ಮಾರ್ಕೋಸ್ ಮಗನಿಗೆ ಮುಖ್ಯ ಕಾನೂನು ಸಲಹೆಗಾರ. ಮನಿಲಾದ ಗಾಳಿಯಲ್ಲಿ ಏನೋ ಇದೆ.

2018ರಲ್ಲಿ ಇದೇ ಮಗನ ಎದುರು ಕ್ಯಾಮೆರಾ ಮುಂದೆ ಕೂತು, ಮಾರ್ಷಲ್ ಲಾ ಕಾಲದಲ್ಲಿ ರಾಜಕೀಯ ನಂಬಿಕೆಗಾಗಿ ಬಂಧಿಸಿದ ಒಬ್ಬರ ಹೆಸರಾದರೂ ಹೇಳಿ ಅಂದಿದ್ದರು. ಹೇಳೋಣ ಬಿಡಿ. ಹೋಸೆ ಡಿಯೊಕ್ನೊ. ಅವರೂ ವಕೀಲರು, ಸೆನೆಟರು. ಸುಮಾರು ಎರಡು ವರ್ಷ ಒಳಗಿಟ್ಟರು, ಒಂದು ಆರೋಪಪಟ್ಟಿಯೂ ಇಲ್ಲದೆ. ಬಂಧನದ ಆದೇಶಗಳು ಹೊರಡುತ್ತಿದ್ದದ್ದೇ ರಕ್ಷಣಾ ಮಂತ್ರಿಯ ಕಚೇರಿಯಿಂದ. ಜೈಲಿಗೆ ಹೋದವರು ಸುಮಾರು 70,000 ಜನ ಅನ್ನುತ್ತದೆ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ. ಇದನ್ನು ನೂರು ಸಲ ಹೇಳಿ ಅಲ್ಲಿನವರ ಗಂಟಲು ಒಣಗಿದೆ. ನನಗೂ ಇಲ್ಲಿ ತಮಾಷೆ ಮಾಡುವ ಮನಸ್ಸಿಲ್ಲ.

ಇನ್ನೊಂದು. ಅದೇ ಲೂಟಿ ಕೇಸಿನಲ್ಲಿ ಅವರ ಕಚೇರಿಯ ಮುಖ್ಯಸ್ಥೆಯನ್ನೂ 2014ರಲ್ಲಿ ಹಿಡಿದಿದ್ದರು. ಆಕೆಗೆ 91 ವರ್ಷ ಆಗಿರಲಿಲ್ಲ, ಆಕೆಯ ತಪ್ಪು. ಎಂಟು ವರ್ಷ ದಾಟಿದ ಮೇಲೆ, 2023ರ ಜನವರಿಯಲ್ಲಿ ಹೊರಗೆ ಬಂದರು. ಅಷ್ಟರಲ್ಲಿ ಸಾಹೇಬರು ಅಧ್ಯಕ್ಷರಿಗೆ ಕಾನೂನು ಹೇಳಿಕೊಡಲು ಶುರು ಮಾಡಿ ಆರು ತಿಂಗಳಾಗಿತ್ತು. 2024ರಲ್ಲಿ ಇಬ್ಬರೂ ನಿರ್ದೋಷಿಗಳು ಅಂತ ಕೋರ್ಟ್ ಹೇಳಿತು.