ಹದಿನೇಳು ಸೀಟುಗಳ ಮಹಿಮೆ

ನ್ಯೂಜಿಲೆಂಡಿನ ಮತದಾರರು 1993ರ ಜನಮತಗಣನೆಯಲ್ಲಿ ತಮ್ಮ ಹಳೆಯ ಚುನಾವಣಾ ಪದ್ಧತಿಯನ್ನು ಕೈಬಿಟ್ಟು ಜರ್ಮನಿ ಮಾದರಿಯ ಮಿಶ್ರ ಪ್ರಾತಿನಿಧ್ಯವನ್ನು ಆರಿಸಿಕೊಂಡದ್ದು ರಾಜಕಾರಣಿಗಳಿಗೆ ಮೂಗುದಾರ ಹಾಕುವ ಘನ ಉದ್ದೇಶದಿಂದ. ಕ್ಷೇತ್ರಕ್ಕೊಂದು ಮತ, ಪಕ್ಷಕ್ಕೊಂದು ಮತ; ಪಕ್ಷಕ್ಕೆ ಬಿದ್ದ ಮತದ ಪಾಲಿಗೆ ತಕ್ಕಷ್ಟು ಸ್ಥಾನ, ಕ್ಷೇತ್ರಗಳಲ್ಲಿ ಗೆದ್ದದ್ದು ಸಾಲದಿದ್ದರೆ ಉಳಿದದ್ದು ಪಕ್ಷದ ಪಟ್ಟಿಯಿಂದ ಭರ್ತಿ; ಇನ್ನು ಮೇಲೆ ಯಾರ ಮತವೂ ವ್ಯರ್ಥವಾಗದು, ಯಾವ ಪಕ್ಷವೂ ಒಂಟಿಯಾಗಿ ಮೆರೆಯದು ಎಂದು ಜನ ನಂಬಿದರು.

1996ರ ಅಕ್ಟೋಬರ್ 12ರಂದು ಈ ಪದ್ಧತಿಯ ಮೊದಲ ಚುನಾವಣೆ ನಡೆದು, 120 ಸ್ಥಾನಗಳಲ್ಲಿ ನ್ಯಾಷನಲ್ ಪಕ್ಷಕ್ಕೆ 44, ಲೇಬರ್ ಪಕ್ಷಕ್ಕೆ 37, ವಿನ್‌ಸ್ಟನ್ ಪೀಟರ್ಸ್ ಅವರ ನ್ಯೂಜಿಲೆಂಡ್ ಫಸ್ಟ್ ಪಕ್ಷಕ್ಕೆ 17 ಬಂದವು. ಇದರಲ್ಲಿ 17 ಎಂಬುದೇ ದೊಡ್ಡ ಸಂಖ್ಯೆಯೆಂದು ಲೆಕ್ಕ ಬಲ್ಲವರಿಗೆ ಕೂಡಲೇ ಹೊಳೆಯಿತು. ಗಂಡಿನ ಕಡೆಯವರು ಎರಡು ಮನೆಗಳಲ್ಲಿ ಉಪ್ಪಿಟ್ಟು ಕೇಸರಿಭಾತು ಮುಗಿಸಿ, "ಊರಿಗೆ ಹೋಗಿ ಕಾಗದ ಬರೆಯುತ್ತೇವೆ" ಎಂದು ಎದ್ದುಬರುವ ಹಾಗೆ ಪೀಟರ್ಸ್ ಎರಡೂ ಪಕ್ಷಗಳೊಂದಿಗೆ ಎಂಟು ವಾರ ಮಾತುಕತೆ ನಡೆಸಿದರು. ಕೊನೆಗೆ, ತಾವೇ ಬಿಟ್ಟುಬಂದಿದ್ದ, ತಾವು ಇಳಿಸಿಯೇ ತೀರುತ್ತಾರೆಂದು ನಂಬಿ ಎಷ್ಟೋ ಜನ ಮತ ಹಾಕಿದ್ದ ಆ ನ್ಯಾಷನಲ್ ಪಕ್ಷದ ಕೈಯನ್ನೇ ಹಿಡಿದರು. ಉಪಪ್ರಧಾನಿ ಹುದ್ದೆಯೊಂದೇ ಸಾಲದೆ, ಹಣಕಾಸು ಸಚಿವ ಬಿಲ್ ಬರ್ಚ್ ಅವರ ಮೇಲೆ ಕೂರುವ 'ಟ್ರೆಶರರ್' ಎಂಬ ಹೊಸ ಕುರ್ಚಿಯೂ ಅವರಿಗಾಗಿ ಸಿದ್ಧವಾಯಿತು.

ಅಲ್ಲಿಂದ ಮುಂದೆ ದೇಶದ ಗಹನ ಚರ್ಚೆಗಳಿಗೆ ಬರವಿರಲಿಲ್ಲ. ಪೀಟರ್ಸ್ ಪಕ್ಷದ ಸಂಸದ ಟುಕು ಮಾರ್ಗನ್ ತಾವು ನಿರ್ದೇಶಕರಾಗಿದ್ದ ಮಾವೊರಿ ಟೀವಿ ಸಂಸ್ಥೆಯ ದುಡ್ಡಿನಲ್ಲಿ 89 ಡಾಲರಿನ ಒಳಚಡ್ಡಿ ಕೊಂಡಿದ್ದರೆಂಬ ಸುದ್ದಿ ಹೊರಬಿದ್ದು, ಸಂಸತ್ತಿನ ಆಯುಸ್ಸಿನ ಒಂದು ಭಾಗ ಆ ವಸ್ತ್ರದ ಮೌಲ್ಯಮಾಪನಕ್ಕೆ ಮೀಸಲಾಯಿತು. ಹೊಸ ಪದ್ಧತಿ ಒಮ್ಮತ ತರುತ್ತದೆಂದು ಹೇಳಿದ್ದವರ ಮಾತೂ ಸುಳ್ಳಾಗಲಿಲ್ಲ: 1997ರ ಸೆಪ್ಟೆಂಬರಿನಲ್ಲಿ ಪೀಟರ್ಸ್ ಅವರ ಕಡ್ಡಾಯ ನಿವೃತ್ತಿ ಉಳಿತಾಯ ಯೋಜನೆಯನ್ನು ಜನರ ಮುಂದಿಟ್ಟಾಗ ಶೇ. 92ರಷ್ಟು ಮಂದಿ ಒಕ್ಕೊರಲಿನಿಂದ ಬೇಡವೆಂದರು. ಅದೇ ವರ್ಷದ ಕೊನೆಗೆ, ಪ್ರಧಾನಿ ಜಿಮ್ ಬೋಲ್ಜರ್ ವಿದೇಶಕ್ಕೆ ಹೋಗಿ ಬರುವಷ್ಟರಲ್ಲಿ ಅವರದೇ ಪಕ್ಷದ ಸಚಿವೆ ಜೆನ್ನಿ ಶಿಪ್ಲಿ ಅವರನ್ನು ಇಳಿಸಿ ತಾವೇ ಪ್ರಧಾನಿಯಾಗುವಷ್ಟು ಸಂಖ್ಯೆ ಕೂಡಿಸಿಟ್ಟಿದ್ದರು. 1998ರ ಆಗಸ್ಟಿನಲ್ಲಿ ವೆಲಿಂಗ್ಟನ್ ವಿಮಾನ ನಿಲ್ದಾಣದ ಷೇರು ಮಾರಾಟದ ಜಗಳದಲ್ಲಿ ಶಿಪ್ಲಿ ಪೀಟರ್ಸ್ ಅವರನ್ನೇ ಸಂಪುಟದಿಂದ ಕಿತ್ತುಹಾಕಿದರು.

ಸರ್ಕಾರ ಬೀಳಬೇಕಿತ್ತಲ್ಲವೇ? ಬೀಳಲಿಲ್ಲ. ಪೀಟರ್ಸ್ ಹೊರನಡೆದರೂ ಅವರ ಪಕ್ಷದ ಹಲವರು ಟಾವ್ ಹೆನಾರೆಯವರಂತೆ ಸರ್ಕಾರದ ಜೊತೆಗೇ ಉಳಿದರು. ಅಲಮೀನ್ ಕೋಪು ಎಂಬ ಸದಸ್ಯೆ ವಿರೋಧಿ ಅಲಯನ್ಸ್ ಪಕ್ಷದ ಪಟ್ಟಿಯ ಬಲದಿಂದಲೇ ಗೆದ್ದು, ಪಕ್ಷ ಬಿಟ್ಟರೆ ಸ್ಥಾನವನ್ನೂ ಬಿಡುತ್ತೇನೆಂದು ಬರೆದುಕೊಟ್ಟಿದ್ದವರು. ಅವರು ಪಕ್ಷ ಬಿಟ್ಟು ಸ್ಥಾನ ಉಳಿಸಿಕೊಂಡು ಈ ಸರ್ಕಾರಕ್ಕೇ ಆಸರೆಯಾದರು. ಆ ದೇಶದಲ್ಲಿ ಆಗ ಪಕ್ಷಾಂತರ ನಿಷೇಧ ಕಾಯ್ದೆ ಇರಲಿಲ್ಲ. ನಮ್ಮಲ್ಲಿ 1985ರಿಂದಲೂ ಇರುವುದರಿಂದ ನಮ್ಮ ಶಾಸಕರು ಪಕ್ಷಾಂತರವೆಂಬ ಪಾಪ ಮಾಡದೆ ರಾಜೀನಾಮೆ ಬರೆದಿಟ್ಟು ರೆಸಾರ್ಟಿಗೆ ಹೊರಡುತ್ತಾರೆ.

1999ರ ಚುನಾವಣೆಯಲ್ಲಿ ಪೀಟರ್ಸ್ ಪಕ್ಷ, ಪಟ್ಟಿಯಿಂದ ಸ್ಥಾನ ಪಡೆಯಲು ಬೇಕಾದ ಶೇ. 5ರಷ್ಟು ಮತಗಳ ಗಡಿ ದಾಟಲಿಲ್ಲ. ಆದರೆ ಒಂದು ಕ್ಷೇತ್ರ ಗೆದ್ದರೆ ಆ ಗಡಿ ಅನ್ವಯಿಸದೆಂಬ ನಿಯಮದ ಕೃಪೆಯಿಂದ, ಟೌರಂಗಾದಲ್ಲಿ ಅವರಿಗೆ ಸಿಕ್ಕ 63 ಮತಗಳ ಮುನ್ನಡೆಯೇ ಐವರನ್ನು ಸಂಸತ್ತಿಗೆ ಎಳೆದುತಂದಿತು. ಅದೇ ದಿನ ಶೇ. 80ಕ್ಕೂ ಹೆಚ್ಚು ಮತದಾರರು, ಸಂಸದರು ಒಳ್ಳೆಯವರಾಗಲಿ ಎಂಬ ಆಸೆ ಬಿಟ್ಟು, ಕಡೇಪಕ್ಷ 120ರಿಂದ 99ಕ್ಕೆ ಇಳಿಸಿ ಎಂದು ಇನ್ನೊಂದು ಜನಮತಗಣನೆಯಲ್ಲಿ ಕೇಳಿಕೊಂಡರು. ಅದನ್ನು ಪಾಲಿಸಲೇಬೇಕೆಂಬ ಕಟ್ಟುಪಾಡು ಇರಲಿಲ್ಲವಾದ್ದರಿಂದ ಹೊಸ ಸಂಸತ್ತಿನ 120 ಮಂದಿಯೂ ನಿಶ್ಚಿಂತೆಯಿಂದ ಪ್ರಮಾಣವಚನ ಸ್ವೀಕರಿಸಿದರು.